ನಿಮಗಿದು ಗೊತ್ತೇ? ಬಾರಾಮಹಲಿನ ಬೆಟ್ಟದಿಂದ ಬಂದರಿನ ದೋಣಿಗೆ

● ಸೇಲಂ, ಧರ್ಮಪುರಿ ಸೀಮೆಗೆ ಕಡಲಿಲ್ಲ, ಬಂದರೂ ಇಲ್ಲ. ಆದರೆ ಬ್ರಿಟನ್ನಿನ ಬಂದರು, ದೋಣಿಗಳನ್ನು ಬಣ್ಣದಲ್ಲಿ ಹಿಡಿದು ಹೆಸರಾದ ವಿಲಿಯಂ ಡೇನಿಯಲ್, ಅದಕ್ಕೂ ಎರಡು ದಶಕ ಮೊದಲೇ ಈ ಸೀಮೆಯ ದುರ್ಗಗಳ ಚಿತ್ರ ಬರೆದಿದ್ದ!

● ಆಗ 1792. ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನ ಬಾರಾಮಹಲನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ವರ್ಷ. ಇಂದಿನ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಬಹುಭಾಗ ಅದರಲ್ಲಿತ್ತು. ಯುದ್ಧ ನಿಂತದ್ದೇ ತಡ, ಚಿಕ್ಕಪ್ಪ ಥಾಮಸ್ ಡೇನಿಯಲ್ ಜೊತೆ ವಿಲಿಯಂ ಮದರಾಸಿನಿಂದ ಹೊರಟ.

● ಹೊಸೂರು, ರಾಯಕೋಟೆ, ವೀರಭದ್ರದುರ್ಗ ಮೂರೂ ಇವರ ‘ಓರಿಯಂಟಲ್ ಸೀನರಿ’ ಸಂಪುಟಗಳಲ್ಲಿವೆ. 1795ರಿಂದ 1808ರವರೆಗೆ ಹೊರಬಂದ ಚಿತ್ರಗಳು ಒಟ್ಟು 144. ರಾಯಕೋಟೆ, ಹೊಸೂರು 2004ರವರೆಗೂ ಧರ್ಮಪುರಿ ಜಿಲ್ಲೆಯಲ್ಲೇ ಇದ್ದವು.

● ಚಿತ್ರಗಳಲ್ಲಿ ಅಳತೆ ಅಷ್ಟು ಕರಾರುವಾಕ್ಕಾಗಿರಲು ಒಂದು ಕಾರಣ, ಅವರು ಬಳಸುತ್ತಿದ್ದ ಕ್ಯಾಮೆರಾ ಅಬ್ಸ್‌ಕ್ಯುರಾ. ಮಸೂರದ ಮೂಲಕ ಎದುರಿನ ನೋಟ ಕಾಗದದ ಮೇಲೆ ಬೀಳುತ್ತದೆ. ಅದರ ಗೆರೆ ಹಿಡಿದು ಬರೆಯಬೇಕು.

● ಅಚ್ಚು ಹಾಕುತ್ತಿದ್ದ ಬಗೆಯಂತೂ ಇನ್ನೂ ಸೊಗಸು. ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಕಾಯಿಸಿ ಅಂಟಿಸುತ್ತಾರೆ. ಆಮ್ಲಕ್ಕೆ ಅದ್ದಿದಾಗ ಪುಡಿಯ ಕಣಗಳ ಸಂದಿಯಲ್ಲಿ ಮಾತ್ರ ತಾಮ್ರ ಸವೆಯುತ್ತದೆ. ಹೆಚ್ಚು ಹೊತ್ತು ಬಿಟ್ಟಷ್ಟೂ ನೆರಳು ದಟ್ಟ. ಅಚ್ಚಾದ ಹಾಳೆಗೆ ಕೈಯಿಂದಲೇ ಜಲವರ್ಣ ಹಚ್ಚುತ್ತಿದ್ದರು. ಈ ಅಕ್ವಾಟಿಂಟ್ ವಿದ್ಯೆಯನ್ನು ಇಬ್ಬರೂ ಭಾರತದಲ್ಲೇ, ಕಲ್ಕತ್ತಾ ನಗರದ 12 ಚಿತ್ರಗಳನ್ನು ಅಚ್ಚು ಹಾಕುತ್ತ ರೂಢಿಸಿಕೊಂಡರು.

● ಅದೇ ವಿದ್ಯೆಯಿಂದ ವಿಲಿಯಂ 1814–1825ರಲ್ಲಿ ಬ್ರಿಟನ್ನಿನ ಕರಾವಳಿಯ 308 ಚಿತ್ರಗಳನ್ನು ಪ್ರಕಟಿಸಿದ. ಆತ ಲಂಡನ್ನಿನ ಕಲಾಸಂಸ್ಥೆ ರಾಯಲ್ ಅಕಾಡೆಮಿಯ ಪೂರ್ಣ ಸದಸ್ಯನಾದದ್ದು 1822ರಲ್ಲಿ. ಇಂದು ಅವನಿಗಿಂತ ಎಷ್ಟೋ ಪಾಲು ಪ್ರಸಿದ್ಧನಾದ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್‌ಗೆ ಆ ಪದವಿ ದಕ್ಕಿದ್ದು 1829ರಲ್ಲಿ!

● ಡೇನಿಯಲ್‌ರ ಕಾಲದ ಮದರಾಸಿಗೆ ಬಂದರು ಕಟ್ಟೆಯೇ ಇರಲಿಲ್ಲ. ಹಡಗು ದೂರದಲ್ಲಿ ಲಂಗರು ಹಾಕುತ್ತಿತ್ತು. ಜನ, ಸರಕು ದಡ ಸೇರುತ್ತಿದ್ದುದು ಮಸೂಲಾ ದೋಣಿಯಲ್ಲಿ. ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದ ದೋಣಿ ಅದು. ಅಲೆ ಬಡಿದರೆ ಬಾಗುತ್ತಿತ್ತು, ಒಡೆಯುತ್ತಿರಲಿಲ್ಲ.

● ಧರ್ಮಪುರಿಗೂ ತನ್ನದೇ ದೋಣಿಯುಂಟು: ಹೊಗೆನಕಲ್ಲಿನ ಹರಿಗೋಲು. ತಮಿಳಿನಲ್ಲಿ ಪರಿಸಲ್. ಬಿದಿರಿನ ದುಂಡು ಬುಟ್ಟಿ, ತಳಕ್ಕೆ ಹಿಂದೆ ತೊಗಲು, ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಒಂದೇ ಹುಟ್ಟಿನಿಂದ ಕಾವೇರಿಯ ಸುಳಿಗಳ ನಡುವೆ ಅದನ್ನು ನಡೆಸುವ ಅಂಬಿಗರ ಕೈಚಳಕಕ್ಕೆ ಒಬ್ಬ ಒಳ್ಳೆಯ ಜಲವರ್ಣ ಕಲಾವಿದ ಬೇಕು.

● ರಾಯಕೋಟೆಯ ಬೆಟ್ಟ ಈಗಲೂ ಹತ್ತಬಹುದು. ಹೋಗುವವರು ಡೇನಿಯಲ್‌ರ ಚಿತ್ರದ ಒಂದು ಪ್ರತಿ ಜೊತೆಗಿಟ್ಟುಕೊಳ್ಳಿ. 1792ರ ಬಂಡೆಯನ್ನು ಇಂದಿನ ಬಂಡೆಯ ಪಕ್ಕ ಹಿಡಿದು ನೋಡಬಹುದು.