ಎಂಟು ಬೊಗಸೆ ರಕ್ತ, ನಾಲ್ಕೇ ಗುಂಪು

ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ಗುಡಿ ಇದೆ. ಅದರ ಮುಂದೆ ಸುತ್ತಮುತ್ತಲ ಊರುಗಳ ಸಾವಿರ ಜನ ಸೇರಿದ್ದಾರೆ ಅಂದುಕೊಳ್ಳಿ. ಬೆಂಗಳೂರಿನಲ್ಲಿ 36,964 ದಾನಿಗಳ ರಕ್ತ ನೋಡಿ 2010ರಲ್ಲಿ ಪ್ರಕಟಿಸಿದ ಲೆಕ್ಕವೊಂದಿದೆ. ಅದನ್ನೇ ಇಲ್ಲಿಗೂ ಹಾಕಿದರೆ ಹೆಚ್ಚುಕಡಿಮೆ 400 ಜನ ಓ ಗುಂಪು, 300 ಜನ ಬಿ, 240 ಜನ ಎ, ಮಿಕ್ಕ ಅರವತ್ತು ಚಿಲ್ಲರೆ ಜನ ಎಬಿ.

ಈಗ ಇವರಿಗೆಲ್ಲ ಊಟಕ್ಕೆ ಹಾಕಬೇಕು. ಅಮೆರಿಕದ ಪೀಟರ್ ಡಿ'ಅಡಾಮೊ 1996ರಲ್ಲಿ ಬರೆದ ಪುಸ್ತಕದ ಪ್ರಕಾರ ನಾಲ್ಕು ಪಂಕ್ತಿ ಬೇರೆಬೇರೆ. ಓ ಗುಂಪಿನವರು ಮಾಂಸ ಹೆಚ್ಚು ತಿನ್ನಬೇಕು, ದವಸ, ಕಾಳು, ಹಾಲು ಕಡಿಮೆ ಮಾಡಬೇಕು. ಎ ಗುಂಪಿನವರು ಸಸ್ಯಾಹಾರಿಗಳಾಗಬೇಕು. ಬಿ ಗುಂಪಿಗೆ ಹಾಲು ಆದೀತು, ಕೋಳಿ ಆಗದು, ಎಳ್ಳು ಕಡಲೆಕಾಯಿ ಆಗದು. ಈ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಈಗ ಅದೇ ಪಟ್ಟಿ ಆಯುರ್ವೇದದ ಹೆಸರು ಹೊತ್ತು ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಿದೆ. 'ನಿಮ್ ಗ್ರೂಪಿಗೆ ಹುರುಳಿ ಆಗಲ್ವಂತೆ ಕಣವ್ವ' ಎಂದು ಮಗ ಹೇಳಿದರೆ, ಎಪ್ಪತ್ತು ವರ್ಷ ಹುರುಳಿ ಸಾರು ಉಂಡು ಗಟ್ಟಿಯಾಗಿರುವ ತಾಯಿ ತಟ್ಟೆ ಪಕ್ಕಕ್ಕೆ ಸರಿಸಬೇಕಾದ ಸ್ಥಿತಿ.

ಗುಂಪು ಅಂದರೇನು ಎಂಬುದನ್ನು ಹತ್ತಿರದಿಂದಲೇ ನೋಡೋಣ. ಬೆರಳ ತುದಿ ಚುಚ್ಚಿ ಬಿಳಿ ಹಲಗೆಯ ಮೇಲೆ ಮೂರು ಹನಿ ರಕ್ತ ಇಡುತ್ತಾರೆ. ಒಂದಕ್ಕೆ ನೀಲಿ ದ್ರವ, ಇನ್ನೊಂದಕ್ಕೆ ಹಳದಿ, ಮೂರನೆಯದಕ್ಕೆ ಬಣ್ಣವಿಲ್ಲದ್ದು. ಕಡ್ಡಿಯಿಂದ ಕಲಸಿ ಹಲಗೆಯನ್ನು ಆಚೀಚೆ ಓಲಾಡಿಸಿದರೆ ಕೆಲವು ಕ್ಷಣಗಳಲ್ಲಿ ನೀಲಿ ಸೇರಿದ ಹನಿ ಒಡೆದ ಹಾಲಿನಂತೆ ತರಿತರಿಯಾಗಬಹುದು. ಹಾಗಾದರೆ ಅದು ಎ. ಹಳದಿ ಸೇರಿದ್ದು ಗಟ್ಟಿ ಕಟ್ಟಿದರೆ ಬಿ. ಎರಡೂ ಕಟ್ಟಿದರೆ ಎಬಿ, ಎರಡೂ ನೀರಾಗಿಯೇ ಉಳಿದರೆ ಓ. ಮೂರನೆಯ ಹನಿ ಪಾಸಿಟಿವೋ ನೆಗೆಟಿವೋ ಹೇಳುತ್ತದೆ.

ಆ ಹನಿಯೊಳಗಿನ ಲೆಕ್ಕ ಕೇಳಿದರೆ ತಲೆ ತಿರುಗುತ್ತದೆ. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ, ಅದರಲ್ಲಿ 25 ಲಕ್ಷ ಕೋಟಿಯಷ್ಟು ಕೆಂಪು ಕಣ. ಒಂದೊಂದರ ಆಯಸ್ಸು 120 ದಿನ. ಸತ್ತದ್ದರ ಜಾಗ ತುಂಬಲು ಮೂಳೆಯ ಮಜ್ಜೆ ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಹೊಸ ಕಣ ಹುಟ್ಟಿಸುತ್ತಿರಬೇಕು. ಒಬ್ಬರ ಕಣಗಳನ್ನೆಲ್ಲ ಒಂದರ ಪಕ್ಕ ಒಂದು ಜೋಡಿಸಿದರೆ ಸಾಲು ಭೂಮಿಯನ್ನು ನಾಲ್ಕು ಸುತ್ತು ಸುತ್ತಿ ಇನ್ನೂ ಮಿಗುತ್ತದೆ. ಎ ಗುಂಪಿನವರಲ್ಲಿ ಒಂದೊಂದು ಕಣದ ಮೈಮೇಲೂ ಆ ಗುಂಪಿನ ಗುರುತು ಹತ್ತು ಲಕ್ಷದ ಆಸುಪಾಸು. ಕಣಗಳ ಸಂಖ್ಯೆಯನ್ನು ಅದರಿಂದ ಗುಣಿಸಿದರೆ ಎರಡೂವರೆ ಲಕ್ಷ ಕೋಟಿ ಕೋಟಿ ಗುರುತು, ಒಬ್ಬನೇ ಮನುಷ್ಯನಲ್ಲಿ.

ಗುರುತುಗಳ ಸಂಖ್ಯೆ ಇಷ್ಟು ಅಗಾಧವಾದರೂ ಗುಂಪು ಗುಂಪಿನ ನಡುವಿನ ವ್ಯತ್ಯಾಸ ಮಾತ್ರ ಎಳ್ಳುಕಾಳಿನಷ್ಟೂ ಇಲ್ಲ. ಎ ಗುಂಪಿನ ಸರಪಳಿಯ ತುದಿಯಲ್ಲಿ ಒಂದು ಬಗೆಯ ಸಕ್ಕರೆ, ಬಿ ಗುಂಪಿನಲ್ಲಿ ಇನ್ನೊಂದು ಬಗೆಯದು, ಓ ಗುಂಪಿನಲ್ಲಿ ಆ ತುದಿಯೇ ಖಾಲಿ. ನಮ್ಮ ವಂಶವಾಹಿಯ 300 ಕೋಟಿಗೂ ಮೀರಿದ ಅಕ್ಷರಗಳಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋದದ್ದರಿಂದ ಓ ಗುಂಪಿನ ಬಹುಪಾಲು ಜನ ಓ ಆದರು. ಗುಡಿಯ ಮುಂದಿನ 400 ಜನರನ್ನು ಮಿಕ್ಕ 600 ಜನರಿಂದ ಬೇರೆ ಮಾಡುವುದು ಇದಿಷ್ಟೇ.

ಇದಕ್ಕೆ ಆರೋಗ್ಯದ ಮೇಲೆ ಪ್ರಭಾವವೇ ಇಲ್ಲವೆಂದಲ್ಲ. ಓ ಗುಂಪಿನವರಿಗೆ ಮಲೇರಿಯಾ ಬಂದರೂ ಪ್ರಾಣಕ್ಕೆ ಎರವಾಗುವುದು ಕಡಿಮೆ, ಕಾಲರಾ ಬಂದರೆ ಮಾತ್ರ ಹೆಚ್ಚು ಕಾಡುತ್ತದೆ. ರಕ್ತ ಹೆಪ್ಪುಗಟ್ಟಿಸುವ ಒಂದು ಪ್ರೋಟೀನು ಅವರಲ್ಲಿ ಕಾಲು ಭಾಗದಷ್ಟು ಕಡಿಮೆ ಇರುವುದರಿಂದ ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಅಪಾಯವೂ ಕಡಿಮೆ. ಅಮೆರಿಕದ ಸುಮಾರು 90,000 ಜನರನ್ನು ವರ್ಷಗಟ್ಟಲೆ ಗಮನಿಸಿದ 2012ರ ಅಧ್ಯಯನದಲ್ಲಿ ಎಬಿ ಗುಂಪಿನವರಿಗೆ ಹೃದಯದ ಕಾಯಿಲೆಯ ಅಪಾಯ ಓ ಗುಂಪಿನವರಿಗಿಂತ ಶೇ 23ರಷ್ಟು ಹೆಚ್ಚು ಕಂಡಿತು. ಊಟದ ಪಟ್ಟಿಯ ಕತೆ ಬೇರೆ. 2013ರಲ್ಲಿ ತಜ್ಞರು 1,415 ಬರಹಗಳನ್ನು ಜಾಲಾಡಿದರು, ಗುಂಪಿನ ಪ್ರಕಾರ ಉಂಡರೆ ಒಳ್ಳೆಯದಾಗುತ್ತದೆ ಎನ್ನಲು ಪುರಾವೆ ಸಿಗಲಿಲ್ಲ. ಮರುವರ್ಷ ಟೊರೊಂಟೊದಲ್ಲಿ 1,455 ಜನರನ್ನು ನೋಡಿದಾಗ, ಎ ಗುಂಪಿನ ಪಟ್ಟಿಯಂತೆ ಸೊಪ್ಪು ತರಕಾರಿ ಹೆಚ್ಚು ತಿಂದವರ ಆರೋಗ್ಯ ಸರಾಸರಿಯಲ್ಲಿ ಚೆನ್ನಾಗಿತ್ತು. ಅವರ ಗುಂಪು ಯಾವುದಾದರೂ ಆಗಿರಲಿ!

ಆಯುರ್ವೇದ ಏನನ್ನುತ್ತದೆ? ಎ, ಬಿ, ಓ ಎಂಬ ಮಾತು ಅಲ್ಲಿ ಇರುವಂತೆಯೇ ಇಲ್ಲ. ರಕ್ತದಲ್ಲಿ ಇಂಥ ಗುಂಪುಗಳಿವೆ ಎಂದು ವಿಜ್ಞಾನಿ ಕಾರ್ಲ್ ಲ್ಯಾಂಡ್‌ಸ್ಟೈನರ್ ತೋರಿಸಿದ್ದೇ 1901ರಲ್ಲಿ. ಚರಕಸಂಹಿತೆಯಲ್ಲಿರುವುದು ಬೇರೆಯದೇ ಲೆಕ್ಕ. ರಕ್ತ ಏಳು ಧಾತುಗಳಲ್ಲಿ ಎರಡನೆಯದು, ಅದರ ಪ್ರಮಾಣ ಎಂಟು ಅಂಜಲಿ, ಅಂದರೆ ಎಂಟು ಬೊಗಸೆ. ಯಾರ ಬೊಗಸೆ? ಅವರವರದೇ. ಮಗುವಿಗೆ ಮಗುವಿನ ಬೊಗಸೆ, ಪೈಲ್ವಾನನಿಗೆ ಪೈಲ್ವಾನನ ಬೊಗಸೆ. ಇಂದಿನ ವೈದ್ಯರೂ ಕಿಲೋ ತೂಕಕ್ಕೆ ಸುಮಾರು 70 ಮಿಲಿಲೀಟರ್ ಎಂದು ಅವರವರ ಮೈಯನ್ನೇ ಅಳತೆಯಾಗಿ ಹಿಡಿಯುತ್ತಾರೆ.

ಅದೇ ಸಂಹಿತೆಯ ಸೂತ್ರಸ್ಥಾನದ 24ನೆಯ ಅಧ್ಯಾಯದಲ್ಲಿ ರಕ್ತ ಕೆಡಿಸುವ ಸಂಗತಿಗಳ ಉದ್ದನೆಯ ಪಟ್ಟಿ ಇದೆ. ಅತಿ ಉಪ್ಪು, ಅತಿ ಹುಳಿ, ಮದ್ಯ, ಉಂಡ ತಕ್ಷಣ ಹಗಲು ನಿದ್ದೆ, ಮೊದಲಿನದು ಅರಗುವ ಮುನ್ನ ಮತ್ತೆ ಉಣ್ಣುವುದು, ಬಿಸಿಲು, ಸಿಟ್ಟು. ಹುರುಳಿ, ಉದ್ದು, ಅವರೆ, ಎಳ್ಳೆಣ್ಣೆಯ ಅತಿ ಬಳಕೆಯೂ ಅದರಲ್ಲಿದೆ. ಮಂಡ್ಯ ಸೀಮೆಯ ಅಡುಗೆಮನೆಯೇ ಆರೋಪಿಯ ಸ್ಥಾನದಲ್ಲಿ ನಿಂತ ಹಾಗೆ ಕಾಣುತ್ತದೆ, ಆದರೆ ಹಾಗಲ್ಲ. ಆ ಪಟ್ಟಿ ಎಲ್ಲರಿಗೂ ಒಂದೇ, ಪ್ರಶ್ನೆ ಎಷ್ಟು ಮತ್ತು ಯಾರಿಗೆ ಎಂಬುದು. ಬೆಳಗಿನಿಂದ ಗದ್ದೆ ನಾಟಿ ಮಾಡಿ ಬಂದವಳು ಬಿಸಿ ಮುದ್ದೆ ಮುರಿದು ಹುರುಳಿ ಕಟ್ಟಿನ ಸಾರಿಗೆ ಅದ್ದಿ ನುಂಗಿದರೆ ಸಂಜೆಯೊಳಗೆ ಅರಗುತ್ತದೆ. ಇಡೀ ದಿನ ಕುರ್ಚಿಯಲ್ಲಿ ಕೂತ, ಹುಳಿತೇಗಿನಿಂದ ನರಳುವ ಅವಳ ಅಣ್ಣನಿಗೆ ಅದೇ ಮುದ್ದೆ ಭಾರ. ಇಬ್ಬರೂ ಬಿ ಪಾಸಿಟಿವ್ ಆಗಿರಬಹುದು.

ರೋಗಿಯನ್ನು ಹತ್ತು ಬಗೆಯಲ್ಲಿ ಪರೀಕ್ಷಿಸಬೇಕು ಎನ್ನುತ್ತಾನೆ ಚರಕ: ಪ್ರಕೃತಿ, ವಿಕೃತಿ, ಸಾರ, ಮೈಕಟ್ಟು, ಅಳತೆ, ಒಗ್ಗಿದ ಆಹಾರ, ಮನೋಬಲ, ಉಂಡು ಅರಗಿಸುವ ಶಕ್ತಿ, ದುಡಿಯುವ ಶಕ್ತಿ, ವಯಸ್ಸು. ಪ್ರಕೃತಿ, ಅಂದರೆ ವಾತ, ಪಿತ್ತ, ಕಫಗಳ ಪ್ರಕಾರ ಹುಟ್ಟಿನಿಂದ ಬರುವ ಮೈಗುಣ, ಏಳು ಬಗೆ. ಮಿಕ್ಕ ಒಂಬತ್ತಕ್ಕೂ ಉತ್ತಮ, ಮಧ್ಯಮ, ಅಧಮ ಎಂಬಂತೆ ಮೂರೇ ದರ್ಜೆ ಹಿಡಿದರೂ 1,37,781 ಬಗೆಯ ಮನುಷ್ಯರಾಗುತ್ತಾರೆ. ಇಷ್ಟು ಸೂಕ್ಷ್ಮವಾಗಿ ನೋಡಿದ ಶಾಸ್ತ್ರದ ಹೆಸರಿನಲ್ಲಿ ಜನರನ್ನು ನಾಲ್ಕು ಡಬ್ಬಿಗೆ ತುಂಬುವುದು ಆ ಶಾಸ್ತ್ರಕ್ಕೇ ಮಾಡುವ ಅನ್ಯಾಯ.

ಪ್ರಕೃತಿಯ ಮಾತನ್ನು ವಂಶವಾಹಿಯಲ್ಲಿ ಹುಡುಕಿದವರೂ ಇದ್ದಾರೆ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿ ಕರ್ನಾಟಕದ ವೈದ್ಯರೊಡನೆಯೂ ಸೇರಿ ನಡೆಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 3,416 ಗಂಡಸರನ್ನು ನೋಡಿ, ಪ್ರಕೃತಿ ಸ್ಪಷ್ಟವಾಗಿದ್ದ 262 ಜನರನ್ನು ಮಾತ್ರ ಆರಿಸಿದರು. ಪಿತ್ತಪ್ರಕೃತಿಯೊಡನೆ ನಂಟು ಕಂಡದ್ದು ಪಿಜಿಎಂ1 ಎಂಬ ವಂಶವಾಹಿಗೆ. ಅದು ಇರುವುದು ಒಂದನೆಯ ವರ್ಣತಂತುವಿನಲ್ಲಿ, ರಕ್ತದ ಗುಂಪು ತೀರ್ಮಾನವಾಗುವುದು ಒಂಬತ್ತನೆಯದರಲ್ಲಿ.

ಗುಂಪಿನ ನಿಜವಾದ ಮಹತ್ವ ಇರುವುದು ರಕ್ತ ಕೊಡುವಾಗ, ಪಡೆಯುವಾಗ. ಅಲ್ಲಿಯೂ ನಾಲ್ಕು ಸಾಲದು. ಇಂದು ಗುರುತಿಸಿರುವ ರಕ್ತಗುಂಪು ಪದ್ಧತಿಗಳೇ ಸುಮಾರು 48. 2024ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆಂದು ಕೋಲಾರದ ಆಸ್ಪತ್ರೆಗೆ ಬಂದ 38ರ ಮಹಿಳೆಯದು ಓ ಪಾಸಿಟಿವ್, ಎಲ್ಲಕ್ಕಿಂತ ಸುಲಭವಾಗಿ ಸಿಗುವ ಗುಂಪು. ಆದರೂ ಒಂದು ಬಾಟಲಿ ರಕ್ತವೂ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತಕೇಂದ್ರದವರು ಕುಟುಂಬದ 20 ಜನರ ರಕ್ತ ನೋಡಿದರು, ಅದೂ ಹೊಂದಲಿಲ್ಲ. ಮಾದರಿ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋಯಿತು. ಹತ್ತು ತಿಂಗಳ ಹುಡುಕಾಟದ ಬಳಿಕ ಜಗತ್ತಿನಲ್ಲಿ ಎಲ್ಲಿಯೂ ದಾಖಲಾಗದ ಗುರುತೊಂದು ಪತ್ತೆಯಾಗಿ, ಆ ಪದ್ಧತಿಗಳಲ್ಲೊಂದಾದ ಕ್ರೋಮರ್‌ಗೆ ಸೇರಿತು. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ಅದನ್ನು 'ಕ್ರಿಬ್' ಎಂದು ಘೋಷಿಸಿದರು, ಹೆಸರಿನೊಳಗೆ ಇಂಡಿಯಾ ಮತ್ತು ಬೆಂಗಳೂರಿನ ಅಕ್ಷರಗಳಿವೆ. ಆಕೆಯ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಹೊರಗಿನ ಒಂದು ಹನಿ ರಕ್ತವನ್ನೂ ಕೊಡದೆ ಮುಗಿಸಿದ್ದರು. ಇಂಥವರಿಗೆ ಮುಂದೆ ರಕ್ತ ಬೇಕಾದೀತೆಂದು ಕಂಡರೆ ಅವರದೇ ರಕ್ತವನ್ನು ಮೊದಲೇ ತೆಗೆದು ಕಾದಿಡುವ ದಾರಿ ಇದೆ.