ಗ್ರಂಥಿಯ ಮುನಿಸು ಮತ್ತು ಬೆಳಗಿನ ಕಾಫಿ

ಡೊಂಬಿವಲಿ ಸ್ಟೇಷನ್ನಿನ ಸೇತುವೆಯನ್ನು ಎಂಟು ವರ್ಷಗಳಿಂದ ಹತ್ತಿಳಿಯುತ್ತಿರುವ ನನಗೆ, ಹಿಂದಿನ ವರ್ಷದ ಮಳೆಗಾಲದಲ್ಲಿ ಅದರ ಮೆಟ್ಟಿಲುಗಳು ಒಮ್ಮೆಲೇ ಎತ್ತರವಾದಂತೆ ತೋರಿದವು. ಅರ್ಧಕ್ಕೇ ಏದುಸಿರು. ಆಫೀಸಿನಲ್ಲಿ ಕಡತ ತೆರೆದರೆ ತೂಕಡಿಕೆ. ಎಲ್ಲರೂ ಫ್ಯಾನಿನ ಕೆಳಗೆ ಜಾಗ ಹುಡುಕುವಾಗ ನನಗೆ ಚಳಿ. "ಕುರ್ಚಿ ಕೆಲಸ, ಮೈ ಜಡ್ಡುಗಟ್ಟಿದೆ. ಸ್ವಲ್ಪ ಓಡಾಡಮ್ಮ" ಎಂದರು ಅತ್ತೆಯವರು. ಅದನ್ನೇ ನಂಬಿ ಹಟದಿಂದ ಓಡಹೊರಟವಳು ನಾಲ್ಕೇ ದಿನಕ್ಕೆ ಕಾಲುನೋವಿನಿಂದ ಮಲಗಿದೆ.

ರಕ್ತಪರೀಕ್ಷೆ ಬೇರೆಯೇ ಕತೆ ಹೇಳಿತು. ಕೊರಳಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯ ರಸವೇ ದೇಹದ ಒಲೆಗೆ ಉರಿ. ಅದು ಕಡಿಮೆಯಾದರೆ ಹೃದಯ, ಕರುಳು, ಸ್ನಾಯು ಎಲ್ಲವೂ ನಿಧಾನ. ಆಗ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ "ಇನ್ನಷ್ಟು ಸುರಿಸು" ಎಂದು ಕಳುಹಿಸುವ ರಿಮೈಂಡರೇ ಟಿ.ಎಸ್.ಎಚ್. ಉತ್ತರ ಬಾರದಷ್ಟೂ ರಿಮೈಂಡರುಗಳು ಹೆಚ್ಚುತ್ತವೆ. ಗುಮಾಸ್ತಿಕೆ ಮಾಡುವ ನನಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ! ನನ್ನದು 1912ರಲ್ಲಿ ಜಪಾನಿನ ಹಶಿಮೊಟೊ ಎಂಬ ವೈದ್ಯರು ವರ್ಣಿಸಿದ ಕಾಯಿಲೆ. ದೇಹದ ರಕ್ಷಣಾಪಡೆಯೇ ಗ್ರಂಥಿಯ ಮೇಲೆ ದಾಳಿಯಿಡುತ್ತದೆ.

ಥೈರಾಕ್ಸಿನ್ ಮಾತ್ರೆ ಶುರುವಾಯಿತು. ಎರಡು ತಿಂಗಳು ಕಳೆದರೂ ಗುಣವಿಲ್ಲ.

"ಮಾತ್ರೆ ಹೇಗೆ ತೆಗೆದುಕೊಳ್ಳುತ್ತೀರಿ?" ಎಂದರು ಡಾಕ್ಟರು.

"ಕಾಫಿಯ ಜೊತೆಗೆ. ಅದರ ಹಿಂದೆಯೇ ಕ್ಯಾಲ್ಸಿಯಂ ಗುಳಿಗೆ."

ಅವರು ನಕ್ಕುಬಿಟ್ಟರು. ಕಾಫಿಯೂ ಕ್ಯಾಲ್ಸಿಯಮ್ಮೂ ಈ ಮಾತ್ರೆಯನ್ನು ಮೈಗೆ ಹತ್ತಗೊಡುವುದಿಲ್ಲವಂತೆ. ಬರಿ ಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧದಿಂದ ಒಂದು ಗಂಟೆ ಕಾಯಬೇಕು. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗಳಿಗೆ ನಾಲ್ಕು ಗಂಟೆಯ ಅಂತರ ಬೇಕು. ಚಿಕ್ಕಮಗಳೂರಿನಿಂದ ಪುಡಿ ತರಿಸಿ ಕುಡಿಯುವ ಮನೆಯಲ್ಲಿ ಇದೆಂಥ ಶಿಕ್ಷೆಯೆಂದು ಕಾಫಿಪ್ರಿಯ ವಾಚಕರೇ ಊಹಿಸಬಲ್ಲರು. ಫಿಲ್ಟರಿನ ಪರಿಮಳ ಬರುತ್ತಿರಲು ಅಡಿಗೆಮನೆಯಲ್ಲಿ ಗಡಿಯಾರ ನೋಡುತ್ತ ನಿಲ್ಲುವುದಾದರೂ ಹೇಗೆ? ಹೊರಗೆ ಹೋದೆ. ನನ್ನ ನಡಿಗೆ ಆರಂಭವಾದದ್ದು ಹೀಗೆ, ಆರೋಗ್ಯದ ಆಸೆಯಿಂದಲ್ಲ.

ಮೊದಲ ವಾರ ಹತ್ತೇ ನಿಮಿಷ, ಸಮತಟ್ಟಾದ ರಸ್ತೆಯಲ್ಲಿ. ಕಾಲು ನೊಂದ ದಿನ ಬೇಗ ಹಿಂತಿರುಗುತ್ತಿದ್ದೆ. ನಡಿಗೆಯಿಂದ ಗ್ರಂಥಿ ವಾಸಿಯಾಗದು. ಆ ಕೆಲಸ ಮಾತ್ರೆಯದು. ಆದರೆ ಬಿಗಿದ ಕೀಲುಗಳು ಸಡಿಲವಾದವು, ಮಧ್ಯಾಹ್ನದ ತೂಕಡಿಕೆ ತಗ್ಗಿತು. ಎಂಟು ವಾರಗಳ ತರುವಾಯ ಟಿ.ಎಸ್.ಎಚ್. ಇಳಿದಿತ್ತು. ಗುಣ ಕಂಡಿತೆಂದು ಮಾತ್ರೆ ಬಿಡಲು ಹೊರಟಿದ್ದೆ. "ಗುಣ ಕಂಡದ್ದೇ ಮಾತ್ರೆಯಿಂದ, ತಾಯಿ" ಎಂದು ಡಾಕ್ಟರು ತಡೆದರು.

ಈಗ ಅರ್ಧ ಗಂಟೆ ನಡೆಯುತ್ತೇನೆ. ಸೇತುವೆಯ ಮೆಟ್ಟಿಲುಗಳು ಮೊದಲಿನ ಎತ್ತರಕ್ಕೆ ಮರಳಿವೆ. ಮೊನ್ನೆ ಅತ್ತೆಯವರೂ ಚಪ್ಪಲಿ ಮೆಟ್ಟಿ ಜೊತೆಗೆ ಹೊರಟರು. "ನನಗೇನೂ ಗ್ರಂಥಿಯ ತೊಂದರೆಯಿಲ್ಲ, ಕಾಫಿ ಒಟ್ಟಿಗೇ ಕುಡಿಯೋಣವೆಂದು" ಎಂದರು.