ಸಬ್‌ವೂಫರ್ ಗುಡುಗಲಿ, ನೆರೆಮನೆ ನಡುಗದಿರಲಿ

ಮುಂಬಯಿ: ಗ್ರ್ಯಾಂಟ್‌ರೋಡ್ ಸ್ಟೇಷನ್ನಿನ ಹತ್ತಿರದ ಲ್ಯಾಮಿಂಗ್ಟನ್ ರೋಡಿಗೆ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗವೆಂದು ನಾಮಕರಣವಾಗಿ ಕಾಲವೆಷ್ಟೋ ಸಂದಿದೆ. ಆದರೂ 1903ರಿಂದ 1907ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್‌ನ ಹೆಸರು ಜನರ ಬಾಯಿಂದ ಹೋಗಿಲ್ಲ. ಸ್ಪೀಕರು, ಆಂಪ್ಲಿಫೈಯರು, ವಯರು ಏನೇ ಬೇಕಾದರೂ ಮುಂಬಯಿಗರ ಕಾಲು ತಿರುಗುವುದು ಅತ್ತಲೇ. ಡೊಂಬಿವಲಿಯ ತುಳು-ಕನ್ನಡಿಗ ಕುಟುಂಬವೊಂದಕ್ಕೆ ಹೋಮ್ ಥಿಯೇಟರ್ ಬಂದದ್ದೂ ಅಲ್ಲಿಂದಲೇ. ಹೊಟೇಲಿನ ಗಲ್ಲಾದಲ್ಲಿ ಕುಳಿತೇ ಆಯುಷ್ಯ ಸವೆಸಿದ ತಂದೆಗೆ ಈಗ ಮೊಣಕಾಲು ನೋವು. ಸಭಾಗೃಹಕ್ಕೆ ಹೋಗಿ ಯಕ್ಷಗಾನ ನೋಡಲಾಗದು. ಮನೆಯಲ್ಲಾದರೂ ಮದ್ದಳೆಯ ನಾದ ಎದೆಗೆ ತಾಗಲಿ ಎಂಬುದು ಮಗನ ಆಸೆ.

ಮೊದಲ ದಿನವೇ ಎರಡು ತಾಪತ್ರಯ ಎದುರಾದವು. ಸಿನೆಮಾ ಹಾಕಿದರೆ ಕೆಳಗಿನ ಮನೆಯ ಸ್ಟೀಲು ಪಾತ್ರೆಗಳೆಲ್ಲ ಕಣಕಣ ಎಂದವು. ಅಲ್ಲಿನ ಮರಾಠಿ ಆಜಿ ಹೃದಯದ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದು ವಾರವಷ್ಟೇ ಆಗಿತ್ತು. ಇತ್ತ ಯಕ್ಷಗಾನದ ಡಿಸ್ಕ್ ಹಾಕಿದರೆ ಸಬ್‌ವೂಫರ್ ತುಟಿ ಬಿಚ್ಚಲಿಲ್ಲ. "ಸಿನೆಮಾಕ್ಕೆ ಗುಡುಗುತ್ತದೆ, ನಮ್ಮ ಆಟಕ್ಕೆ ಮಾತ್ರ ಮೂಗನೇ?" ಎಂದು ತಂದೆ ಕೇಳಿದರು. ಅಂಗಡಿಗೆ ಮರಳಿಸುವ ಮಾತೂ ಬಂತು. ಆದರೆ ಕೆಟ್ಟದ್ದು ಪೆಟ್ಟಿಗೆಯಲ್ಲ, ಜೋಡಣೆ.

ಮೂಗನಾದ ಪೆಟ್ಟಿಗೆ

ಐದು ಸ್ಪೀಕರು, ಒಂದು ಸಬ್‌ವೂಫರ್ ಇರುವ ಜೋಡಣೆಗೆ 5.1 ಎಂದು ಹೆಸರು. ಆ '.1' ಎಂದರೆ ಸಿನೆಮಾದ ಸ್ಫೋಟ, ಗುಡುಗುಗಳಿಗೆಂದೇ ಮೀಸಲಾದ ಪ್ರತ್ಯೇಕ ಧ್ವನಿಪಥ. ಎರಡು ಚಾನೆಲಿನ ಸ್ಟೀರಿಯೋ ಧ್ವನಿಮುದ್ರಣದಲ್ಲಿ ಆ ಪಥವೇ ಇರುವುದಿಲ್ಲ; ಆ ಯಕ್ಷಗಾನದ ಡಿಸ್ಕ್ ಇದ್ದದ್ದೂ ಹಾಗೆಯೇ. ಇಂಥಲ್ಲಿ ರಿಸೀವರಿನ ಸೆಟ್ಟಿಂಗಿಗೆ ಹೋಗಿ ಉಳಿದ ಸ್ಪೀಕರುಗಳನ್ನು 'ಲಾರ್ಜ್' ಬದಲು 'ಸ್ಮಾಲ್' ಎಂದು ನಮೂದಿಸಬೇಕು. ಆಗ ಅವುಗಳ ತಗ್ಗುಸ್ವರವೆಲ್ಲ ಸಬ್‌ವೂಫರಿಗೆ ಹರಿಯುತ್ತದೆ. ಎಲ್ಲಿಂದ ಕೆಳಗಿನ ಸ್ವರ ಹರಿಯಬೇಕೆಂಬ ಗಡಿಯೇ ಕ್ರಾಸ್‌ಓವರ್. 80 ಹರ್ಟ್ಸ್‌ನಿಂದ ಪ್ರಾರಂಭಿಸುವುದು ವಾಡಿಕೆ. ಪುಟ್ಟ ಸ್ಪೀಕರುಗಳಾದರೆ ಇನ್ನೂ ಸ್ವಲ್ಪ ಮೇಲೆ. ಭಾಗವತರ ಕಂಠವೇ ಸಬ್‌ವೂಫರಿನಿಂದ ಬಂದಂತೆ ಕೇಳಿದರೆ ಗಡಿ ತೀರ ಮೇಲೇರಿದೆಯೆಂದು ಅರ್ಥ. ಸದ್ದು ಕಡಿಮೆ ಇಟ್ಟಾಗ ಮಾತ್ರ ಸಬ್‌ವೂಫರ್ ನಿದ್ದೆ ಹೋಗುತ್ತಿದ್ದರೆ, ಹಿಂಬದಿಯ 'ಆಟೋ' ಸ್ವಿಚ್ಚನ್ನು 'ಆನ್'ಗೆ ತಂದರೆ ಸಾಕು.

ಮೂಲೆಯೇ ಮೂಲ

ಜಾಗ ಉಳಿಸಲು ಮುಂಬಯಿಯ ಮನೆಗಳಲ್ಲಿ ಪೆಟ್ಟಿಗೆ ಸೇರುವುದು ಮೂಲೆಗೆ. ಅಲ್ಲಿ ಎರಡು ಗೋಡೆ, ಒಂದು ನೆಲ ಸೇರಿ ತಗ್ಗುಸ್ವರವನ್ನು ಉಬ್ಬಿಸುತ್ತವೆ. ಅದಲ್ಲದೆ 40 ಹರ್ಟ್ಸ್ ಸ್ವರದ ಅಲೆಯ ಉದ್ದವೇ ಸುಮಾರು 28 ಅಡಿ. ನಮ್ಮ ಹಾಲೋ 10 ಅಡಿಗೆ 12 ಅಡಿ! ಇಂಥ ಕೋಣೆಯಲ್ಲಿ ಉದ್ದದ ದಿಕ್ಕಿಗೆ 47 ಹರ್ಟ್ಸ್, ಅಗಲದ ದಿಕ್ಕಿಗೆ 56 ಹರ್ಟ್ಸ್ ಸುಮಾರಿಗೆ ಸ್ವರ ಗೋಡೆಯಿಂದ ಗೋಡೆಗೆ ಬಡಿದು ಕೆಲವೆಡೆ ಮೊರೆಯುತ್ತದೆ, ಕೆಲವೆಡೆ ಮಾಯವಾಗುತ್ತದೆ. ಕುಳಿತವರಿಗೆ ಕೇಳಿಸದೆ ಬಾಗಿಲಲ್ಲಿ ನಿಂತವರಿಗೆ ಗುಡುಗುವುದು ಇದಕ್ಕೇ.

ಪರಿಹಾರಕ್ಕೆ ಖರ್ಚಿಲ್ಲ. ಸಬ್‌ವೂಫರನ್ನು ತಂದೆ ಕೂರುವ ಕುರ್ಚಿಯ ಮೇಲೆಯೇ ಇಟ್ಟು, ತಗ್ಗುಸ್ವರವಿರುವ ಒಂದು ಹಾಡನ್ನು ಹಾಕಿ, ಗೋಡೆಯ ಬದಿಗಳಲ್ಲಿ ಬಗ್ಗಿ ನಡೆಯುತ್ತ ಕಿವಿಗೊಡಬೇಕು. ಸ್ವರ ಎಲ್ಲಿ ಒಂದೇ ಹದದಲ್ಲಿ, ಸ್ಪಷ್ಟವಾಗಿ ಕೇಳುವುದೋ ಅಲ್ಲೇ ಪೆಟ್ಟಿಗೆಯ ಜಾಗ. ಅನಂತರ ಫೇಸ್ ಸ್ವಿಚ್ಚನ್ನು 0 ಮತ್ತು 180ರಲ್ಲಿ ಇಟ್ಟು ನೋಡಿ, ಕುರ್ಚಿಯಲ್ಲಿ ಯಾವುದು ತುಂಬಿ ಕೇಳುವುದೋ ಅದನ್ನೇ ಉಳಿಸಬೇಕು. ಡೊಂಬಿವಲಿಯ ಮನೆಯಲ್ಲಿ ಪೆಟ್ಟಿಗೆ ಮೂಲೆಯಿಂದ ಮೂರಡಿ ಸರಿಯಿತು. ವಾಲ್ಯೂಮ್ ತಗ್ಗಿಸಿದರೂ ಮದ್ದಳೆ ಮೊದಲಿಗಿಂತ ಚೆನ್ನಾಗಿ ಕೇಳಿತು.

ಗುಂಯ್‌ಗುಟ್ಟಿದರೆ

ಏನೂ ಹಾಕದಿದ್ದಾಗಲೂ 'ಗುಂಯ್' ಎನ್ನುವುದು ಇನ್ನೊಂದು ದೂರು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದ್ದು, ಗುಂಯ್‌ಗುಡುವುದೂ ಅದೇ. ಸಬ್‌ವೂಫರಿನ ಸಿಗ್ನಲ್ ವಯರನ್ನು ಕಳಚಿದಾಗ ಸದ್ದು ನಿಂತರೆ ದೋಷ ಪೆಟ್ಟಿಗೆಯದ್ದಲ್ಲ. ಅದನ್ನು ಮತ್ತೆ ಸಿಕ್ಕಿಸಿ ಕೇಬಲ್ ಟಿವಿಯ ವಯರನ್ನು ಕಳಚಿ ನೋಡಬೇಕು. ಆಗ ನಿಂತರೆ ಕಾರಣ ಅರ್ಥಿಂಗಿನ ಎರಡು ದಾರಿಗಳ ಸುತ್ತು. ಎಲ್ಲವನ್ನೂ ಒಂದೇ ಪ್ಲಗ್ ಬೋರ್ಡಿಗೆ ಜೋಡಿಸಿದರೆ, ಇಲ್ಲವೇ ಕೇಬಲಿಗೆ ಐಸೋಲೇಟರ್ ಹಾಕಿಸಿದರೆ ಅನೇಕ ಬಾರಿ ಸರಿಹೋಗುತ್ತದೆ. ಪ್ಲಗ್ಗಿನ ಅರ್ಥ್ ಪಿನ್ನನ್ನು ಮಾತ್ರ ಯಾರು ಹೇಳಿದರೂ ಕತ್ತರಿಸಬಾರದು; ಅದು ಜೀವಕ್ಕೇ ಅಪಾಯ.

ಕೆಳಗಿನ ಮನೆಯ ಪ್ರಶ್ನೆ

ದಪ್ಪ ರಬ್ಬರ್ ಮ್ಯಾಟ್ ಪೆಟ್ಟಿಗೆಯ ನಡುಕ ಸ್ಲ್ಯಾಬಿಗೆ ಇಳಿಯುವುದನ್ನು ಕೊಂಚ ತಡೆದೀತು. ಆದರೆ ಗಾಳಿಯಲ್ಲಿ ಹಬ್ಬಿದ ತಗ್ಗುಸ್ವರವನ್ನು ಮ್ಯಾಟಾಗಲಿ, ಪರದೆಯಾಗಲಿ ತಡೆಯಲಾರದು. 2000ರ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿಯೆಂದರೆ 10ರಿಂದ ಬೆಳಗಿನ 6ರವರೆಗೆ. ಅಳೆಯುವ ಮಾಪನವೋ ಮನುಷ್ಯನ ಕಿವಿಯನ್ನು ಅನುಸರಿಸಿ 50 ಹರ್ಟ್ಸ್ ಸ್ವರವನ್ನು 30 ಡೆಸಿಬೆಲ್‌ನಷ್ಟು ತಗ್ಗಿಸಿ ಲೆಕ್ಕ ಹಾಕುತ್ತದೆ. ಆದ್ದರಿಂದ ಮೀಟರಿನಲ್ಲಿ ತಪ್ಪಿಲ್ಲವೆಂದರೂ ಕೆಳಗಿನವರ ಎದೆಯ ಮೇಲೆ ಬಡಿತವಿರಬಹುದು.

ತಂದೆ ಇದಕ್ಕೆ ಕಂಡುಕೊಂಡ ಮಾಪನ ಬೇರೆ. ಮಗನನ್ನು ಕೆಳಗೆ ಕಳುಹಿಸಿ ಆಜಿಯ ಮಂಚದ ಬಳಿ ನಿಲ್ಲಿಸಿದರು. ಮೇಲೆ ತಾವೇ ರಿಮೋಟು ಹಿಡಿದರು. "ಅಪ್ಪಾ, ಈಗ ಕೇಳುವುದಿಲ್ಲ" ಎಂದು ಫೋನಿನಲ್ಲಿ ಮಗ ಹೇಳಿದಲ್ಲಿಗೆ ವಾಲ್ಯೂಮ್ ನಿಂತಿತು. ಗುಂಡಿಯ ಪಕ್ಕ ಪೆನ್ನಿನಲ್ಲಿ ಗೆರೆಯೂ ಬಿತ್ತು. ರಾತ್ರಿ ಹತ್ತರ ಬಳಿಕ ಸಬ್‌ವೂಫರಿನ ಸ್ವಿಚ್ಚೇ ಬಂದ್. ಇಡೀ ರಾತ್ರಿಯ ಪ್ರಸಂಗವನ್ನು ಈಗ ಅವರು ಮಧ್ಯಾಹ್ನಗಳಲ್ಲಿ ಕಂತುಕಂತಾಗಿ ನೋಡುತ್ತಾರೆ. ಅದೂ ಆಜಿ ನಿದ್ದೆಯಿಂದ ಎದ್ದ ಮೇಲೆ.